ಟೈಲರಣ್ಣ ಕಲಿತ ಸಮಚಿತ್ತ

ಟೈಲರಣ್ಣ ಮೊದಲಿನಿಂದಲೂ ಅಳುಬುರುಕ. ಸಿನಿಮಾದಲ್ಲಿ ಯಾರಾದರೂ ರೈಲು ಹತ್ತಿದರೆ ಸಾಕು, ಪಕ್ಕದವರ ಕರ್ಚೀಫು ಕೇಳುತ್ತಿದ್ದ. ತಾನೇ ಹೊಲಿದ ಮದುವೆ ಬಟ್ಟೆಯನ್ನು ಹುಡುಗಿ ಹಾಕಿಕೊಂಡು ಬಂದು ತೋರಿಸಿದರೆ ಅದಕ್ಕೂ ಕಣ್ಣು ಒದ್ದೆ. "ಇವರ ಕಣ್ಣಲ್ಲಿ ನಲ್ಲಿ ಇದೆ, ವಾಷರ್ ಹೋಗಿದೆ" ಎಂದು ಹೆಂಡತಿ ಎಲ್ಲರೆದುರೂ ನಗುತ್ತಿದ್ದಳು.

ಅಂಥವನಿಗೆ, ಆ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ, ಕೈ ಮೀರಿದೆ ಎಂದು ಡಾಕ್ಟರು ಹೇಳಿದಾಗ ಹೇಗಾಗಿರಬೇಡ? ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಕಾಯಿಲೆಯ ಹೆಂಗಸೇ ಅವನ ತೋಳು ಹಿಡಿದು ಎಬ್ಬಿಸಿ ಬಸ್ಸು ಹತ್ತಿಸಬೇಕಾಯಿತು. ಆ ನಾಚಿಕೆ ಅವನನ್ನು ಒಳಗೊಳಗೇ ಕೊರೆಯಿತು. ಕಾಯಿಲೆ ಅವಳಿಗೆ, ಸಮಾಧಾನ ನನಗೆ, ಇದು ಯಾವ ಸೀಮೆ ನ್ಯಾಯ? ಅವಳು ಇರುವಷ್ಟು ದಿನ ಅವಳಿಗೆ ಆಸರೆಯಾಗಿ ಗಟ್ಟಿಯಾಗಿ ನಿಲ್ಲಬೇಕು ಎಂದುಕೊಂಡ. ಅವನು ಶಾಸ್ತ್ರ ಓದಲು ಹೊರಟದ್ದು ಅದಕ್ಕೇ ಹೊರತು ಪುಣ್ಯದ ಆಸೆಗಲ್ಲ.

ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಸಂಜೆ ನಾಲ್ಕಾರು ಜನರನ್ನು ಕೂರಿಸಿಕೊಂಡು ಶ್ಲೋಕ ಓದಿಸಿ ಅರ್ಥ ಹೇಳುತ್ತಿದ್ದರು. ಅವರದೊಂದು ಪದ್ಧತಿ. ಒಂದು ಶ್ಲೋಕ ನಡತೆಗೆ ಇಳಿಯುವ ತನಕ ಮುಂದಿನದಕ್ಕೆ ಹೋಗುವಂತಿಲ್ಲ. ಆ ಮಾತನ್ನು ಇವತ್ತು ಎಲ್ಲಿ ಬಳಸಿದೆ ಎಂದು ಒಬ್ಬೊಬ್ಬರೂ ದಿನಾ ಒಪ್ಪಿಸಬೇಕು. ಟೈಲರಣ್ಣ ಸೇರಿದಾಗ ನಡೆಯುತ್ತಿದ್ದದ್ದು ಸುಖ ಬಂದರೂ ದುಃಖ ಬಂದರೂ ಸಮಚಿತ್ತದಿಂದಿರಬೇಕು ಎನ್ನುವ ಶ್ಲೋಕ. ತನಗೆಂದೇ ಬರೆದಿಟ್ಟ ಹಾಗಿದೆ ಎನ್ನಿಸಿ ಅವನ ಎದೆ ತುಂಬಿ ಬಂತು.

ಬೇರೆಯವರು ಬಸ್ಸು ತಪ್ಪಿದ್ದನ್ನೋ ಸಾಹೇಬರು ಬೈದದ್ದನ್ನೋ ಒಪ್ಪಿಸುತ್ತಿದ್ದರು. ಟೈಲರಣ್ಣನ ಅಭ್ಯಾಸಕ್ಕೆ ಇದ್ದದ್ದು ಮನೆಯೊಂದೇ. ಹೆಂಡತಿ ನೋವಿನಿಂದ ಮುಲುಗಿದರೆ ಮನಸ್ಸಿನಲ್ಲೇ ಶ್ಲೋಕ ಹೇಳಿಕೊಂಡು, ಮುಖದ ಒಂದು ಗೆರೆಯೂ ಅಲ್ಲಾಡದಂತೆ ಮಾತ್ರೆ ಕೊಡುತ್ತಿದ್ದ.

"ಬೆಳಿಗ್ಗೆ ವಾಂತಿ ಮಾಡ್ಕೊಂಡ್ಲು ಸಾರ್, ರಕ್ತ ಇತ್ತು. ನಾನು ಅಲ್ಲಾಡ್ಲಿಲ್ಲ" ಎಂದು ಸಂಜೆ ಒಪ್ಪಿಸುತ್ತಿದ್ದ. ಮೇಷ್ಟ್ರು "ಭೇಷ್" ಎನ್ನುತ್ತಿದ್ದರು. ಅವರಿಗಾದರೂ ಏನು ಗೊತ್ತು ಪಾಪ. ಮದುವೆಯಾದವರಲ್ಲ, ಒಂದು ಬೆಕ್ಕನ್ನೂ ಸಾಕಿದವರಲ್ಲ.

ಒಂದು ದಿನ ಹೆಂಡತಿ ಕೇಳಿದಳು. "ರೀ, ನಾನು ಹೋದ್ಮೇಲೆ ಏನ್ ಮಾಡ್ತೀರಿ?"

ಅವನು ಮನಸ್ಸಿನಲ್ಲೇ ಶ್ಲೋಕ ಹೇಳಿಕೊಂಡ. "ಬಂದದ್ದನ್ನ ಸಮಾಧಾನವಾಗಿ ತಗೋಬೇಕು ಕಣೇ. ಎಲ್ಲ ಒಂದೇ ಅಂದ್ಕೊಂಡ್ರೆ ಸಂಕಟ ಇರಲ್ಲ" ಎಂದು ಮೆತ್ತಗೆ ಹೇಳಿ ಸೂಜಿಗೆ ದಾರ ಪೋಣಿಸುತ್ತ ಕುಳಿತ. ಅವಳು ಆಚೆ ಹೊರಳಿಕೊಂಡಳು. ಅಯ್ಯೋ ಪುಣ್ಯಾತ್ಮ, ಆಗಲಾದರೂ ಒಮ್ಮೆ ತಲೆಯೆತ್ತಿ ನೋಡಬಾರದಿತ್ತೇ?

ಅಲ್ಲಿಂದಾಚೆಗೆ ಅವಳು ಮುಲುಗಲಿಲ್ಲ. ಹೇಗಿದೆ ಎಂದರೆ "ಪರವಾಗಿಲ್ಲ" ಎನ್ನುತ್ತಿದ್ದಳು. ತನ್ನ ಓದಿನ ಗಾಳಿ ಅವಳಿಗೂ ತಗಲಿದೆ ಎಂದು ಟೈಲರಣ್ಣ ನಂಬಿದ. ಮೇಷ್ಟ್ರ ಮುಂದೆ ಅದನ್ನೂ ಒಪ್ಪಿಸಿದ. ಅವರು ಅವನ ಬೆನ್ನು ತಟ್ಟಿ, ನಾಳೆಯಿಂದ ನೀನು ಮುಂದಿನ ಶ್ಲೋಕಕ್ಕೆ ಹೋಗಬಹುದು ಎಂದರು.

ಮರುದಿನ ಅವನು ಅಂಗಡಿಯಲ್ಲಿ ಪ್ಯಾಂಟೊಂದರ ಅಂಚು ಬಿಚ್ಚುತ್ತಿದ್ದಾಗ, ಅಕ್ಕನನ್ನು ನೋಡಿಕೊಳ್ಳಲು ಬಂದಿದ್ದ ನಾದಿನಿ ಬಂದು ಎದುರಿಗೆ ನಿಂತಳು.

"ಭಾವ, ಬೇಜಾರು ಮಾಡ್ಕೋಬೇಡಿ. ಅಕ್ಕ ನಿಮಗೆ ಭಾರ ಆಗಿದಾಳಾ?"

"ಏನಮ್ಮ ಹೀಗಂತೀಯ?"

"ನೀವು ಹೊರಗೆ ಹೋದ ತಕ್ಷಣ ದಿಂಬಿಗೆ ಮುಖ ಒತ್ಕೊಂಡು ಅಳ್ತಾಳೆ. ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ಮುಖ ಒರೆಸ್ಕೋತಾಳೆ. ಯಾಕೆ ಅಂತ ಕೇಳಿದ್ರೆ, 'ಅವರಿಗೆ ನಾನು ಸಾಕಾಗಿದೀನಿ ಕಣೇ. ಮನಸ್ಸಲ್ಲಿ ಆಗ್ಲೇ ನನ್ನ ಕಳಿಸಿಬಿಟ್ಟಿದಾರೆ. ಇನ್ಯಾಕೆ ಅವರಿಗೆ ಕಾಟ ಕೊಡ್ಲಿ' ಅಂತಾಳೆ."

ಟೈಲರಣ್ಣ ಅಂಗಡಿಯ ಬಾಗಿಲನ್ನೂ ಹಾಕದೆ ಓಡಿದ. ಹಾಸಿಗೆಯ ಪಕ್ಕ ಕುಳಿತು ಏನೋ ಹೇಳಲು ಬಾಯಿ ತೆರೆದ, ಮಾತಿನ ಬದಲು ಅಳು ನುಗ್ಗಿತು. ತಿಂಗಳುಗಟ್ಟಲೆ ಅದುಮಿಟ್ಟ ಅಳು, ಮೈಯೆಲ್ಲ ಅಲುಗಿತು. ಯಾರಿಗೆ ಏನಾಯಿತೋ ಎಂದು ಅವಳು ಗಾಬರಿಯಾದಳು. ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟಳು.

"ನನಗೋಸ್ಕರಾನಾ?"

ಅವನು ಹೌದೆಂದು ತಲೆಯಾಡಿಸಿದ.

ಆಗ ಅವಳು ಹೇಳತೊಡಗಿದಳು. ನೋವು ಎಲ್ಲಿ ಶುರುವಾಗುತ್ತದೆ, ಬೆನ್ನಿಗೆ ಹೇಗೆ ಇಳಿಯುತ್ತದೆ, ಮಾತ್ರೆ ಎಷ್ಟು ಹೊತ್ತು ತಡೆಯುತ್ತದೆ. ಕಣ್ಣು ಮುಚ್ಚಿದರೆ ಸತ್ತೇ ಹೋಗುತ್ತೇನೆಂದು ಹೆದರಿ ಬೆಳಗಿನ ತನಕ ನಿದ್ದೆಗೆಟ್ಟದ್ದು. ಪಕ್ಕದಲ್ಲಿ ಮಲಗಿದ ಅವನನ್ನು ಮುಟ್ಟಲು ಕೈ ಚಾಚಿ ಹಿಂತೆಗೆದುಕೊಂಡದ್ದು. ಟೈಲರಣ್ಣ ಅವಳ ಕಾಲೊತ್ತುತ್ತ, ಅಳುತ್ತಲೇ ಕೇಳಿದ. ಸಂಜೆಯಾಯಿತು, ಅವನು ಪಾಠಕ್ಕೆ ಹೋಗಲಿಲ್ಲ.

"ಇನ್ನೂ ಬೇಕಾದಷ್ಟಿದೆ. ಸುಸ್ತಾಯ್ತು, ನಾಳೆ ಹೇಳ್ತೀನಿ" ಎಂದಳು.

ಬೆಳಗಾಗುವಷ್ಟರಲ್ಲಿ ಅವಳಿಗೆ ಎಚ್ಚರ ತಪ್ಪಿತ್ತು. ಮತ್ತೆ ಮಾತು ಮರಳಲಿಲ್ಲ. ಅದೇ ವಾರ ಹೋಗಿಬಿಟ್ಟಳು.

ಸುದ್ದಿ ತಿಳಿದು ಮೇಷ್ಟ್ರು ಮನೆಗೆ ಬಂದರು. ಅವನ ಅವಸ್ಥೆ ನೋಡಿ, ಇಷ್ಟು ಓದಿಯೂ ನೀನು ಹೀಗೆ ಅಳಬಾರದು ಎಂದು ಸಮಾಧಾನ ಹೇಳತೊಡಗಿದರು. ಟೈಲರಣ್ಣ ಅವರ ಎರಡೂ ಕೈ ಹಿಡಿದುಕೊಂಡ.

"ಅವಳಿಗೆ ಇನ್ನೂ ಹೇಳೋದಿತ್ತು ಸಾರ್. ಇಷ್ಟು ದಿನಾನೂ ನಾನು ಪಕ್ಕದಲ್ಲೇ ಇದ್ದೆ."