ಅರಿನೊಲಾಳ ಬೆರಳುಗಳು

ಇಜೆಬು ಸೀಮೆಯಲ್ಲಿ ಮರಗೆಣಸಿನ ತುರಿ ಹುರಿದು ಗ್ಯಾರಿ ಎಂಬ ರವೆ ಮಾಡುವ ನಮ್ಮ ಚಪ್ಪರದಲ್ಲಿ ಅರಿನೊಲಾಳಷ್ಟು ಚುರುಕಾಗಿ ಮರಗೆಣಸು ಸುಲಿಯುವವರು ಇನ್ನೊಬ್ಬರಿರಲಿಲ್ಲ. ಹೊಗಳಲು ಹೇಳುತ್ತಿಲ್ಲ. ಆ ಚುರುಕೇ ಅವಳಿಗೆ ಮುಳುವಾಯಿತು.

ಅಪ್ಪ ಸತ್ತ ಮೇಲೆ ಅವಳ ತಾಯಿ ನನ್ನ ಪಕ್ಕದ ಒಲೆಗೆ ಹುರಿಯಲು ಬಂದಳು, ಮಗಳು ಸುಲಿಯಲು ಕೂತಳು. ಇಬ್ಬರೂ ದುಡಿದರೇ ಮನೆ ನಡೆಯುತ್ತಿತ್ತು, ತಂಗಿ ಅಬೆನಿಯ ಶಾಲೆಯೂ ನಡೆಯುತ್ತಿತ್ತು. ಅರಿನೊಲಾಳಿಗೆ ನರ್ಸಿಂಗ್ ಓದುವ ಹುಚ್ಚು. ಮೊದಲ ಸಲ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿತು. ಮರುವರ್ಷ ಮತ್ತೆ ಕಟ್ಟಿದಳು. ಬಾಯಲ್ಲಿ ರಕ್ತನಾಳಗಳ ಹೆಸರು, ಕೈಯಲ್ಲಿ ಚಾಕು.

ಪರೀಕ್ಷೆಯ ದಿನ ತಾಯಿಗೆ ಜ್ವರ. ಜೊತೆಗೆ ನಾನು ಹೋದೆ. ಬಾಗಿಲಲ್ಲೇ ಬೆರಳಚ್ಚಿನ ಯಂತ್ರ. ಅರ್ಜಿ ಹಾಕುವಾಗ ಕೊಟ್ಟ ಗುರುತು ಇಲ್ಲಿ ಹೊಂದಬೇಕು. ಹೆಬ್ಬೆರಳಿಟ್ಟಳು, ಕೆಂಪು ದೀಪ. ತೋರುಬೆರಳಿಗೂ ಅದೇ. ಹತ್ತೂ ಬೆರಳು ಮುಗಿದವು. ಇಷ್ಟು ತಿಂಗಳ ಮರಗೆಣಸಿನ ಸೊನೆ ಬೆರಳ ಗೆರೆಗಳನ್ನೆಲ್ಲ ತಿಂದುಹಾಕಿತ್ತು.

"ಏನಮ್ಮಾ, ಬೆರಳು ಮನೇಲೇ ಬಿಟ್ಟು ಬಂದ್ಯಾ?" ಎಂದ ಯಂತ್ರದ ಹುಡುಗ. ಸಾಲಿನಲ್ಲಿದ್ದವರು ನಕ್ಕರು.

"ಫೋಟೋ ಇದೆಯಲ್ಲೋ! ಮುಖ ನೋಡೋಕೆ ಕಣ್ಣಿಲ್ವೇನೋ ನಿಂಗೆ?" ಎಂದು ನಾನು ಹಾರಾಡಿದೆ.

"ಇವಳೇ ಅಂತ ನಂಗೂ ಗೊತ್ತು, ಅಮ್ಮ. ಯಂತ್ರ ಒಪ್ಪಲ್ಲ, ನಾನೇನ್ ಮಾಡ್ಲಿ?"

ನಿಂಬೆಹಣ್ಣು ಉಜ್ಜಿ, ನನ್ನ ಬಟ್ಟೆಯಲ್ಲೇ ಒರೆಸಿ ನೋಡಿದೆವು. ಅಷ್ಟರಲ್ಲಿ ಬಾಗಿಲು ಹಾಕಿಬಿಟ್ಟರು. ವಾಪಸು ಬರುವಾಗ ಹುಡುಗಿ ಅಳಲಿಲ್ಲ, ನಾನೇ ಅತ್ತೆ. ಓದದೆ ಸೋತಿದ್ದರೆ ಬೈದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು.

ಮತ್ತೊಮ್ಮೆ ಕಟ್ಟುವುದೋ ಬೇಡವೋ? ಚಪ್ಪರದಲ್ಲಿ ಅದೇ ಮಾತು. ಕೈಗೆ ಬಿಡುವು ಕೊಟ್ಟರೆ ಗೆರೆ ಮೂಡುತ್ತವೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದರು. ತಾಯಿ ಅಂದೇ ಮಗಳ ಕೈಯಿಂದ ಚಾಕು ಕಿತ್ತುಕೊಂಡಳು.

"ಮತ್ತೆ ಸುಲಿಯೋರು ಯಾರಮ್ಮ?"

"ಅದು ನನ್ನ ತಲೆನೋವು. ನೀನು ಮನೇಲಿ ಕೂತು ಓದು."

ಅರಿನೊಲಾ ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಓದಿದಳು. ಒಂದು ದಿನ ನನ್ನ ಮನೆಗೆ ಓಡಿ ಬಂದು ನನ್ನ ಮೂಗಿನ ಮುಂದೆ ಹೆಬ್ಬೆರಳು ಹಿಡಿದಳು. "ನೋಡಿ ಇಯಾ ಬೋಸೆ, ಬಂದ್ವು!" ಬೋಸೆ ನನ್ನ ಹಿರಿಮಗಳು, ಅವಳ ತಾಯಿಯೆಂದೇ ಊರೆಲ್ಲ ನನ್ನನ್ನು ಕರೆಯುವುದು.

ಚಪ್ಪರದಲ್ಲಿ ಈಗ ಸುಲಿಯುತ್ತಿದ್ದದ್ದು ಅಬೆನಿ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಮನೆ ಬಿಡುತ್ತಿದ್ದಳು, ಶಾಲೆಗಲ್ಲ. ನಾನು ತಾಯಿಗೆ ಚೆನ್ನಾಗಿ ಉಗಿದೆ. "ದೊಡ್ಡವಳಿಗೆ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಪಾಪ, ಅವಳಾದರೂ ಯಾವ ಮಗಳನ್ನು ತಳ್ಳಿಯಾಳು?

ಒಂದು ಸಂಜೆ ಅವರ ಮನೆಯಲ್ಲೇ ನನ್ನ ಊಟ. ಬಿಸಿನೀರಿಗೆ ಗ್ಯಾರಿ ಹಾಕಿ ತಿರುವಿದ ಎಬಾ ಮುದ್ದೆ, ಖಾರದ ಬೆಂಡೆಕಾಯಿ ಸಾರು. ಅಬೆನಿ ಚಮಚ ಎತ್ತಿಕೊಂಡಳು. ಎಬಾ ಮುದ್ದೆಯನ್ನು ಚಮಚದಲ್ಲಿ ತಿನ್ನುವವರುಂಟೆ!

"ಏನೇ, ದೊಡ್ಡ ಸಾಹೇಬ್ರ ಮಗಳಾಗ್ಬಿಟ್ಯಾ?" ಎಂದು ನಗುತ್ತ ಅರಿನೊಲಾ ತಂಗಿಯ ಕೈ ಎಳೆದಳು. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು. ಅಕ್ಕನ ನಗು ಅಲ್ಲೇ ನಿಂತಿತು.

"ಸ್ಕೂಲಿಗೆ ಹೋಗ್ತಿಲ್ವಾ ನೀನು?"

ಅಬೆನಿ ತಾಯಿಯ ಮುಖ ನೋಡಿದಳು.

"ಒಂದೇ ವರ್ಷ ಕಣೇ," ಎಂದಳು ತಾಯಿ. "ನೀನು ನರ್ಸ್ ಆದ್ಮೇಲೆ ಇವಳನ್ನ ಓದಿಸ್ತೀಯಲ್ಲ."

"ಆಗ ಇವಳ ಬೆರಳ ಗೆರೆ ಬರ್ಲಿ ಅಂತ ಯಾರನ್ನಮ್ಮ ಸುಲಿಯೋಕೆ ಕೂರಿಸ್ತೀಯ?"

ತಾಯಿ ಅಬೆನಿಯ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಮರುದಿನ ನಾವು ಬರುವ ಮೊದಲೇ ಅರಿನೊಲಾ ಗೆಣಸಿನ ರಾಶಿಯ ಮುಂದೆ ಕೂತಿದ್ದಳು.

"ಅರ್ಜಿ ಹಾಕಲ್ವೇನೇ?" ಎಂದೆ.

"ಇಲ್ಲ ಇಯಾ ಬೋಸೆ. ಅಬೆನೀನ ಸ್ಕೂಲಿಗೆ ಹೊರಡಿಸಿ ಬಂದೆ."

ಹೊಸ ಚರ್ಮ ಎಳೆಯದು. ಸೊನೆ ತಗುಲಿದಾಗಲೆಲ್ಲ ಹುಡುಗಿ ತುಟಿ ಕಚ್ಚುತ್ತಿದ್ದಳು. ತಾಯಿ ಅತ್ತ ಬೆನ್ನು ಮಾಡಿ ಬಾಣಲೆ ಕೆದಕುತ್ತಲೇ ಇದ್ದಳು, ಗ್ಯಾರಿಯೆಲ್ಲ ಸೀದು ಕಪ್ಪಾಗುವವರೆಗೂ.