ಯಾವ ಡಾಕ್ಟರೂ ನೋಡದ ಚಾರ್ಟು

ಮಂಗಳವಾರ, ಬೆಳಿಗ್ಗೆ ಎಂಟೂಮುಕ್ಕಾಲು. ಗಚ್ಚಿಬೌಲಿಯ ಆಫೀಸಿನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನಮ್ಮ ಮಾಸ್ತರು. ಅವರ ಬಲಗೈಯ ತೋರುಬೆರಳು ಉಗುರಿನವರೆಗೂ ಶಾಯಿಯಿಂದ ನೀಲಿಯಾಗಿತ್ತು. ಆ ಬೆರಳು ನನ್ನ ನೋಟ್‌ಬುಕ್ಕಿನ ಮೇಲಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅಮೆರಿಕದ ವೈದ್ಯರು ಮಾತಿನಲ್ಲಿ ಹೇಳಿ ಕಳಿಸಿದ ವರದಿಗಳನ್ನು ಕೇಳಿ ಟೈಪ್ ಮಾಡುವ ಆಫೀಸುಗಳು ಆಗ ಹೈದರಾಬಾದಿನಲ್ಲಿ ಬೀದಿಗೊಂದು ಹುಟ್ಟುತ್ತಿದ್ದವು. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ನನ್ನದು ವರದಿ ತಿದ್ದುವ ಕೆಲಸ. ರಾಯಚೂರು ಕಡೆಯ ಮಾಸ್ತರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಹೊಸಬರಿಗೆ ವೈದ್ಯಕೀಯ ಪದಗಳನ್ನು ಹೇಳಿಕೊಡುತ್ತಿದ್ದರು. ಐದಾರುನೂರು ವರ್ಷಗಳ ಹಿಂದಿನ ಇಂಗ್ಲಿಷ್ ವೈದ್ಯಗ್ರಂಥಗಳ ಪದಗಳ ಹಿಂದೆ ಅವರ ಆಯುಷ್ಯವೇ ಕಳೆದಿತ್ತು. ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಪದಕ್ಕೊಂದು ಚೀಟಿ ಮಾಡುತ್ತಿದ್ದರು. ಎಷ್ಟೋ ರೋಗಗಳ ಹೆಸರಿಗೆ ಅರಿಶಿನ ಮೆತ್ತಿತ್ತು.

ಯಾರು ದೊಡ್ಡ ಪದ ಹೇಳಿದರೂ "ಅಂದ್ರ?" ಎನ್ನುತ್ತಿದ್ದರು. ಆ ಹಳೆಯ ಬರಹಗಾರರು ಲ್ಯಾಟಿನ್ನಿನಿಂದ ಬಂದ ಪದ ಬರೆದು, ಕೂಡಲೇ ಪಕ್ಕದಲ್ಲಿ 'ಅಂದರೆ ಬಾವು' ಎಂದು ಮನೆಮಾತು ಸೇರಿಸುತ್ತಿದ್ದರಂತೆ. "ಓದೋರೆಲ್ಲ ವೈದ್ಯರಲ್ರಿ. ಬ್ಯಾನಿ ಬಿದ್ದೋರ ಮಗ್ಗಲಕ್ಕ ಕುಂತೋರು."

"ವಾರ್ಡಿನಾಗ ನಾವು ಪೇಶಂಟ್ ಅಂಜಬಾರದಂತ ಇಂಗ್ಲಿಷ್ ಮಾತಾಡ್ತೀವ್ರಿ," ಎಂದು ನಾನೊಮ್ಮೆ ವಾದಿಸಿದ್ದೆ.

"ಅಂಜೋರು ಯಾರ್ರಿ ಸಿಸ್ಟರ್, ಪೇಶಂಟೋ ನೀವೋ?"

ಮಾಸ್ತರು ಎಂದೂ ಹತ್ತಕ್ಕೆ ಮೊದಲು ಬಂದವರಲ್ಲ. ಅಂದು ಲಿಂಗಂಪಲ್ಲಿಯಲ್ಲಿ ಬೇಗ ಬಸ್ಸು ಸಿಕ್ಕಿತೆಂದು ಮೊದಲೇ ಬಂದಿದ್ದರು. ನಾನು ವಸ್ತು ಮರೆಯುವವಳಲ್ಲ. ಆದರೆ ಹಿಂದಿನ ಸಂಜೆ ನೋಟ್‌ಬುಕ್ಕನ್ನು ಮೇಜಿನ ಮೇಲೇ ಬಿಟ್ಟುಹೋಗಿದ್ದೆ. ಅದರಲ್ಲಿ ಇಪ್ಪತ್ತೆರಡು ದಿನಗಳ ದಾಖಲೆಯಿತ್ತು. ಬೆಳಿಗ್ಗೆ ಆರು ಗಂಟೆ. ಎಡ ಸ್ತನ, ಮೇಲ್ಭಾಗ. ಗಾತ್ರ ಇಷ್ಟು. ನೋವಿಲ್ಲ. ನಾಳೆ ಮತ್ತೆ ನೋಡುವುದು. ಎಲ್ಲ ಇಂಗ್ಲಿಷಿನಲ್ಲಿ, ವಾರ್ಡಿನ ಶಿಸ್ತಿನಲ್ಲಿ.

"ಯಾರ್ರಿ ಈ ಪೇಶಂಟು?"

"ಪರಿಚಯದವರ್ರಿ."

"ಇಪ್ಪತ್ತೆರಡು ದಿನ ಬರದೀರಿ. ಈ ಚಾರ್ಟು ಯಾವ ಡಾಕ್ಟರು ನೋಡ್ತಾರ್ರಿ?"

ಮೂವತ್ತು ವರ್ಷ ಚಾರ್ಟು ಬರೆದು ಮಂಚದ ಕಾಲಿಗೆ ತೂಗುಹಾಕಿದ್ದೆ. ಡಾಕ್ಟರು ರೌಂಡಿಗೆ ಬಂದು ನೋಡುತ್ತಿದ್ದರು. ನನ್ನ ಒಂಟಿ ಮನೆಗೆ ಯಾರು ರೌಂಡಿಗೆ ಬರಬೇಕು? ಬರೆದದ್ದೇ ಚಿಕಿತ್ಸೆ ಎಂಬಂತೆ ಕುಳಿತಿದ್ದೆ.

"ಲಂಪ್ ಐತ್ರಿ," ಎಂದೆ.

"ಅಂದ್ರ?"

"ಗಂಟು. ನನ್ನ ಎದಿಯಾಗ್ರಿ. ಅವ್ವಗೂ ಇದ ಆಗಿತ್ತು."

ಕನ್ನಡದಲ್ಲಿ ಹೇಳಿದ್ದೇ ತಡ, ಅವ್ವನ ಕಡೆಯ ತಿಂಗಳುಗಳ ಹುಣ್ಣಿನ ವಾಸನೆ ಮೂಗಿಗೆ ಬಂತು. ಕುರ್ಚಿ ಎಳೆದು ಕುಳಿತೆ. ಏನೂ ಆಗುವುದಿಲ್ಲ ಎಂದು ಅವರು ಹೇಳಲಿಲ್ಲ.

"ನನಗೂ ಅಂಜಿಕಿ ಆಗಾಕತ್ತೈತ್ರಿ. ಇಬ್ಬರೂ ಅಂಜಕೋತನ ಹೋಗೂಣು. ನಡೀರಿ."

ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿ ನೋಡಿ, ಅದೇ ಜಾಗವನ್ನು ಮತ್ತೊಮ್ಮೆ ಮುಟ್ಟಿ ನೋಡಿದರು. ಆ ಎರಡನೆಯ ಸಲದ ಅರ್ಥ ನನಗೆ ಗೊತ್ತು. ಗಂಟಿನ ಚೂರನ್ನು ಇವತ್ತೇ ತೆಗೆಯಬೇಕು ಎಂದರು. ಒಪ್ಪಿಗೆಗೆ ಸಂಬಂಧಿಕರ ಸಹಿ ಬೇಕಿತ್ತು.

"ರಿಶ್ತಾ ಕ್ಯಾ ಹೈ, ಅಂಕಲ್?" ಏನು ಸಂಬಂಧವೆಂದು ಗುಮಾಸ್ತ ಕೇಳಿದ.

"ಬಡಾ ಭಾಯಿ," ಎಂದು ಸಹಿ ಹಾಕಿ, ನನ್ನ ಕಡೆ ಬಾಗಿದರು. "ತಮ್ಮ ಅನ್ನಾಂವ ಇದ್ದೆ. ನೀವು ಸಿಟ್ಟಾಗ್ತೀರಂತ ಅಣ್ಣ ಆದೆ."

ನಗು ಬಂದು ಅರ್ಧಕ್ಕೇ ನಿಂತಿತು.

ನಾನು ಅಂಜಿದ್ದೇ ನಿಜವಾಯಿತು. ಆದರೆ ಇನ್ನೂ ಹರಡಿರಲಿಲ್ಲ, ಶಸ್ತ್ರಚಿಕಿತ್ಸೆಯಾಯಿತು, ಉಳಿದೆ. ಆರು ವರ್ಷಗಳ ಮೇಲೆ ಮಾಸ್ತರು ರಾಯಚೂರಿನಲ್ಲಿ ನಿದ್ದೆಯಲ್ಲೇ ಹೋದರು. ನಾನು ಬದುಕಿದ ಪ್ರತಿ ವರ್ಷದಲ್ಲೂ ಅವರ ಪಾಲಿದೆ.

ಆ ಮಂಗಳವಾರ ಕೊನೆಯದಾಗಿ ಉಳಿದದ್ದು, ಆ ಚೂರನ್ನು ಬೇರೆ ಕಟ್ಟಡದ ಲ್ಯಾಬಿಗೆ ನಾವೇ ಒಯ್ಯುವ ಕೆಲಸ. ಅಗೆದುಹಾಕಿದ ರಸ್ತೆಯಲ್ಲಿ ಆಟೋ ಕುಲುಕುತ್ತಿತ್ತು. ಅವರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ಅದರತ್ತ ನೋಡಲಿಲ್ಲ. ಲ್ಯಾಬಿನ ಕಿಟಕಿಯಲ್ಲಿ ಹುಡುಗಿಯೊಬ್ಬಳು "ಪೇಷೆಂಟ್ ಎವರಂಡಿ?" ಎಂದಳು, ಪೇಶಂಟ್ ಯಾರೆಂದು. ಮಾಸ್ತರು ಬಾಟಲಿಯನ್ನು ನನ್ನ ಕೈಗಿತ್ತರು. ಅವರ ಕೈಯ ಬಿಸಿಗೆ ಅದು ಇನ್ನೂ ಬೆಚ್ಚಗಿತ್ತು.

"ನೇನೇ, ನಾನೇ," ಎಂದು ಒಳಗೆ ಕೊಟ್ಟೆ. ಚಾರ್ಟಿನ ರೂಢಿಯಲ್ಲಿ ಗಡಿಯಾರ ನೋಡಿದೆ: ಸಂಜೆ ಐದೂ ನಲವತ್ತು.