ಅಲುಗದ ಮುಳ್ಳು

ನಮ್ಮೂರು ಮ್ಟ್ವಾರದಲ್ಲಿ ಗ್ಯಾಸ್ ಪೈಪ್ ಜೋಡಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ, ಚಿಲುಂಬಾ, ಇಪ್ಪತ್ತೆರಡು ವರ್ಷದಿಂದ ಪರವಾನಗಿ ಇಟ್ಟುಕೊಂಡವನು. ಆದರೂ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಸೊಮೋಯೆಯ ಹೆಸರನ್ನೇ. ಹೊಟ್ಟೆಕಿಚ್ಚು ಪಡುವವರು ಪಟ್ಟುಕೊಳ್ಳಲಿ.

ಅವಳು ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದವಳು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಬೆರಳೆಲ್ಲ ಕಪ್ಪಾಗಿದ್ದವು. ಮೂವತ್ತೊಂದನೆಯ ವಯಸ್ಸಿನಲ್ಲಿ ನಮ್ಮ ವರ್ಕ್‌ಶಾಪಿಗೆ ಬಂದು ಕೆಲಸ ಕೇಳಿದಾಗ ನಾನು ನಕ್ಕುಬಿಟ್ಟೆ.

"ಇದೇನು ಉಗಾಲಿ ಮುದ್ದೆ ತಿರುವೋ ಕೆಲಸ ಅಂದ್ಕೊಂಡ್ಯೇನಮ್ಮಾ?"

"ಉಗಾಲಿ ತಿರುವೋಕೆ ನಿಮಗೆ ಬರತ್ತಾ ಮ್ಜೇ? ಅದಕ್ಕೂ ರಟ್ಟೇಲಿ ಕಸುವು ಬೇಕು."

ಎಲ್ಲರೂ ನನ್ನ ಮುಖ ನೋಡಿ ಗೊಳ್ಳೆಂದರು. ಮ್ಜೇ ಎಂದು ನಾವು ಕರೆಯುವುದು ಮುದುಕರನ್ನು. ನನಗಿನ್ನೂ ನಲವತ್ತಮೂರು! ಮೈಯೆಲ್ಲ ಉರಿದುಹೋಯಿತು. ಆದರೂ ಅವಳನ್ನು ಕೆಲಸಕ್ಕೆ ಇಟ್ಟುಕೊಂಡೆವು.

ಏಳು ವರ್ಷದ ನಂತರ ಹುಡುಗಿಯರ ವಸತಿ ಶಾಲೆಯ ಅಡುಗೆಮನೆಗೆ ಗ್ಯಾಸ್ ಪೈಪ್ ಹಾಕುವ ಕೆಲಸ ಪೂರ್ತಿ ಅವಳದ್ದೇ ಆಯಿತು. ಕೊನೆಗೆ ಪೈಪಿಗೆ ಗಾಳಿ ತುಂಬಿ ಸೋರುತ್ತದೆಯೋ ಇಲ್ಲವೋ ನೋಡಬೇಕು. ಈ ಪರೀಕ್ಷೆ ಗೆದ್ದರೆ, ಇನ್ನು ಮುಂದೆ ಪರೀಕ್ಷೆಗಳಿಗೆ ತಾನೇ ಸಹಿ ಹಾಕುವ ಅಧಿಕಾರಪತ್ರ ಅವಳ ಕೈಸೇರುತ್ತಿತ್ತು. ಸೋತರೆ ಇನ್ನೊಂದು ವರ್ಷ ಕಾಯಬೇಕು. ದಾರ್ ನಗರದಿಂದ ಇನ್‌ಸ್ಪೆಕ್ಟರ್ ಕಿಸಂಗಾ ಬರುವುದು ವರ್ಷಕ್ಕೊಮ್ಮೆ ಮಾತ್ರ.

ಬೆಳಿಗ್ಗೆ ಏಳಕ್ಕೆ ಅವರೆದುರೇ ಮೀಟರ್ ಕೋಣೆಯಲ್ಲಿ ಪೈಪಿಗೆ ಗಾಳಿ ತುಂಬಿದೆವು. ಚಿಟಿಕೆ ಹೊಡೆಯುವುದರಲ್ಲಿ ಒತ್ತಡ ತೋರಿಸುವ ಗೇಜಿನ ಮುಳ್ಳು ಮೂರರ ಗೆರೆಗೆ ಏರಿತು. ಹೊಸ ಕಂಪ್ರೆಸರ್, ಭೇಷ್ ಅಂದುಕೊಂಡೆ ನಾನು. ವಾಲ್ವ್‌ಗಳ ಹಿಡಿಗಳೆಲ್ಲ ಪೈಪಿನುದ್ದಕ್ಕೇ ಇದ್ದವು, ಎಂದರೆ ಎಲ್ಲವೂ ತೆರೆದಿವೆ. ಮಧ್ಯಾಹ್ನವಾದರೂ ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಪರೀಕ್ಷೆಯ ಹಾಳೆಯಲ್ಲಿ ಸಾಕ್ಷಿಯ ಸಾಲಿನ ಮೇಲೆ ಠೀವಿಯಿಂದ ಸಹಿ ಹಾಕಿ ಪೆನ್ನನ್ನು ಅವಳತ್ತ ಚಾಚಿದೆ.

ಅವಳು ಪೆನ್ನು ಮುಟ್ಟಲಿಲ್ಲ. ಮುಳ್ಳನ್ನೇ ದಿಟ್ಟಿಸುತ್ತಿದ್ದಳು.

"ಮ್ಜೇ, ಇದು ಯಾಕೆ ಅಲುಗ್ತಿಲ್ಲ?"

"ಅಯ್ಯೋ ಮಾರಾಯ್ತಿ! ಅಲುಗಬಾರ್ದು ಅಂತ ತಾನೇ ಪರೀಕ್ಷೆ?"

"ಇಳೀಬಾರ್ದು, ಸರಿ. ಏರಬೇಕಲ್ಲ? ಪೈಪು ತಗಡಿನ ಮಾಡಿನ ಮೇಲೆ ಹೋಗಿದೆ. ಈ ಬಿಸಿಲಿಗೆ ಒಳಗಿನ ಗಾಳಿ ಉಬ್ಬಲ್ವಾ?"

ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡುತ್ತ, "ಏನಮ್ಮಾ, ಪಾಸಾಗೋಕೂ ತಕರಾರಾ?" ಎಂದು ನಕ್ಕರು.

ಸೊಮೋಯೆ ನೆಟ್ಟಗೆ ಮೊದಲ ವಾಲ್ವ್ ಹತ್ತಿರ ಹೋಗಿ ಹಿಡಿಯನ್ನು ಬಿಚ್ಚಿದಳು. ಹಿಡಿಯ ಕೆಳಗಿನ ಕಡ್ಡಿಯ ಚೌಕ ತಲೆಯ ಮೇಲೆ ಒಂದು ಗೀರು ಇರುತ್ತದೆ. ವಾಲ್ವ್ ನಿಜವಾಗಿ ತೆರೆದಿದೆಯೋ ಮುಚ್ಚಿದೆಯೋ ಹೇಳುವುದು ಆ ಗೀರು. ಅದು ಪೈಪಿಗೆ ಅಡ್ಡವಾಗಿತ್ತು.

ಬಣ್ಣ ಬಳಿಯುವ ಮಕುಕುಲಾನನ್ನು ಕರೆಸಿದರು. ಮುಂಜಾನೆಯೇ ಬಂದು ಹಿಡಿ ಬಿಚ್ಚಿ ಹಳದಿ ಬಳಿದು ಹೋಗಿದ್ದ ಪುಣ್ಯಾತ್ಮ!

"ತುಕ್ಕು ಉಜ್ಜುವಾಗ ಇಕ್ಕಳದಲ್ಲಿ ಆ ಕಡ್ಡಿ ತಿರುಗಿತೇನೋ. ಹಿಡಿ ಮಾತ್ರ ಹೇಗಿತ್ತೋ ಹಾಗೇ, ಉದ್ದಕ್ಕೇ ಇಟ್ಟಿದ್ದೀನಲ್ಲ!"

ಮುಚ್ಚಿದ ವಾಲ್ವಿನ ಈಚೆ, ನೆರಳಲ್ಲಿದ್ದ ಎರಡು ಮೊಳ ಪೈಪಿಗಷ್ಟೇ ಗಾಳಿ ತುಂಬಿ ನಾವು ಐದು ಗಂಟೆ ಕಾದಿದ್ದೆವು; ಮುಳ್ಳು ಚಿಟಿಕೆಯಲ್ಲಿ ಏರಿದ್ದೂ ಅದಕ್ಕೇ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ವಾಲ್ವ್ ತೆರೆದು ಮತ್ತೆ ಗಾಳಿ ತುಂಬಿದೆವು. ಈ ಸಲ ಮುಳ್ಳು ಏರಿ, ಸ್ವಲ್ಪ ನಿಂತು, ಮೆಲ್ಲಗೆ ಇಳಿಯತೊಡಗಿತು. ಸೊಮೋಯೆ ಸೋಪಿನ ನೀರು ಬಳಿಯುತ್ತ ಒಂದೊಂದೇ ಜಾಯಿಂಟ್ ನೋಡಿಕೊಂಡು ಹೋದಳು. ಅಡುಗೆಮನೆಯ ಗೋಡೆಯ ಹಿಂದೆ, ಹುಡುಗಿಯರು ತಟ್ಟೆ ಹಿಡಿದು ಸಾಲು ನಿಲ್ಲುವ ಜಾಗದಲ್ಲಿ, ನೊರೆ ಗುಳ್ಳೆ ಗುಳ್ಳೆಯಾಗಿ ಎದ್ದಿತು.

"ಈ ಜಾಯಿಂಟ್ ಯಾರು ಮಾಡಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

ಅಲ್ಲಿ ನಾವು ನಾಲ್ಕೈದು ಜನ ಇದ್ದೆವು. ಯಾರ ಮೇಲಾದರೂ ಹಾಕಬಹುದಿತ್ತು.

"ನಾನೇ," ಎಂದಳು. "ಅದನ್ನ ಮಾಡಿದ ದಿನ ನನಗೆ ಜ್ವರ ಇತ್ತು ಅಂತ ಹೇಳಬಹುದು. ಆದ್ರೆ ಇರಲಿಲ್ಲ."

ಇನ್‌ಸ್ಪೆಕ್ಟರ್ ಪರೀಕ್ಷೆಯ ಹಾಳೆಯನ್ನು ಅವಳತ್ತ ಚಾಚಿದರು. "ನಿಯಮ ಅಂದ್ರೆ ನಿಯಮ ಕಣಮ್ಮಾ. ಮುಂದಿನ ವರ್ಷ ಬರ್ತೀನಿ."

"ಬನ್ನಿ ಸ್ವಾಮಿ. ಇಲ್ಲೇ ಇರ್ತೀನಿ."

ಮರುವರ್ಷ ಅವಳಿಗೆ ಅಧಿಕಾರಪತ್ರ ಸಿಕ್ಕಿದ್ದು ಇಡೀ ಊರಿಗೇ ಗೊತ್ತು. ಅವಳು ಸೋತ ದಿನ ಕೊನೆಗೆ ನಡೆದದ್ದು ಗೊತ್ತಿರುವವರು ಕಡಿಮೆ. ಅವಳು ಪೆನ್ನು ತೆಗೆದುಕೊಂಡು 'ಸೋರಿದೆ, ಜಾಯಿಂಟ್ ನನ್ನದು' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದಳು. ಎದೆ ತುಂಬಿ ಬಂತು ನನಗೆ, ಸುಳ್ಳೇಕೆ ಹೇಳಲಿ. ಆ ಹಾಳೆಯನ್ನು ಅವಳಿಂದ ಇಸಿದುಕೊಂಡು, ಮಧ್ಯಾಹ್ನ ಹಾಕಿದ್ದ ನನ್ನ ಸಹಿಯನ್ನು ಎಲ್ಲರೆದುರೇ ಗೀಚಿಹಾಕಿದೆ. ಆಮೇಲೆ ಅವಳ ಹೆಸರಿನ ಕೆಳಗೆ ಸಾಕ್ಷಿಯಾಗಿ ಹೊಸದಾಗಿ ನನ್ನ ಹೆಸರು ಬರೆದೆ.